ಆಳದ ಹವಳದ ದಿಬ್ಬಗಳು: ಅಡಗುತಾಣವಲ್ಲ, ಬೇರೆಯೇ ಲೋಕ

(ಪರಿಸರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಘಟ್ಟವನ್ನು ಏರಿದಂತೆ ಕಾಡಿನ ಸ್ವರೂಪ ಬದಲಾಗುವುದು ಮಲೆನಾಡಿಗರಿಗೆ ತಿಳಿದದ್ದೇ. ಕಣಿವೆಯ ಕಾಡನ್ನು ಕಡಿದರೆ ಅಲ್ಲಿನ ಜೀವಿಗಳೆಲ್ಲ ನೆತ್ತಿಯ ಶೋಲಾ ಕಾಡಿಗೆ ಹೋಗಿ ಬದುಕಿಕೊಳ್ಳುತ್ತವೆಂದು ಇಲ್ಲಿ ಯಾರೂ ನಂಬಲಾರರು. ಆದರೆ ಸಮುದ್ರದ ವಿಷಯದಲ್ಲಿ ಇಂಥದೇ ನಂಬಿಕೆಯೊಂದು ಬಹುಕಾಲ ಉಳಿದಿತ್ತು.

ಹವಳದ ದಿಬ್ಬಗಳು ಬಿಸಿಲು ಬೀಳುವ ತಿಳಿನೀರಿನಲ್ಲಿ ಮಾತ್ರವಲ್ಲ, 30ರಿಂದ 150 ಮೀಟರ್ ಆಳದ ಮಂದ ಬೆಳಕಿನಲ್ಲಿಯೂ ಇವೆ. ಕಡಲಿನ ನೀರು ಕಾದು ಮೇಲಿನ ಹವಳಗಳು ಬಿಳಿಚಿ ಸತ್ತರೂ ಅಲ್ಲಿನ ಮೀನುಗಳಿಗೆ ಆಳವೇ ಆಶ್ರಯವಾದೀತು ಎಂಬುದು ಹಲವರ ಭರವಸೆಯಾಗಿತ್ತು. 2018ರಲ್ಲಿ ಲೂಯಿಸ್ ರೋಚಾ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಭರವಸೆಯನ್ನು ಅಲುಗಿಸಿತು. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳೆರಡರಲ್ಲಿಯೂ ಮೇಲಿನ ಮೀನುಗಳ ಸಮುದಾಯವೇ ಬೇರೆ, ಆಳದ್ದೇ ಬೇರೆ ಎಂದು ಅದು ತೋರಿಸಿತು. ಆಳಕ್ಕಿಳಿದಂತೆ ಬೆಳಕು ಕುಗ್ಗುತ್ತದೆ, ಪಾಚಿ ವಿರಳವಾಗುತ್ತದೆ. ಪಾಚಿಯನ್ನು ಮೇಯುವ ಮೀನುಗಳು ಕಡಿಮೆಯಾಗಿ, ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ತಿನ್ನುವ ಮೀನುಗಳು ಹೆಚ್ಚುತ್ತವೆ.

ಲಕ್ಷದ್ವೀಪದ ದಕ್ಷಿಣಕ್ಕಿರುವ ಮಾಲ್ದೀವ್ಸ್‌ನ ನಿದರ್ಶನವನ್ನು ನೋಡಬಹುದು. ಅಲ್ಲಿ 40ರಿಂದ 70 ಮೀಟರ್ ಆಳದಲ್ಲಿ ಗುಲಾಬಿ ಬಣ್ಣದ ಮೀನೊಂದಿದೆ. 1990ರ ದಶಕದಲ್ಲಿಯೇ ಅದು ವಿಜ್ಞಾನಿಗಳ ಕೈಸೇರಿದ್ದರೂ ಬೇರೊಂದು ಮೀನೆಂದೇ ಭಾವಿಸಲಾಗಿತ್ತು. ಅದು ಹೊಸ ಪ್ರಭೇದವೆಂದು ನಿರ್ಧಾರವಾದದ್ದು 2022ರಲ್ಲಿ. ದಿವೆಹಿ ಭಾಷೆಯಲ್ಲಿ ಗುಲಾಬಿಗಿರುವ ‘ಫಿನಿಫೆನ್ಮಾ’ ಎಂಬ ಪದದಿಂದ ಅದಕ್ಕೆ ಹೆಸರಿಟ್ಟರು. ಆ ವೇಳೆಗಾಗಲೇ ಅದು ಅಕ್ವೇರಿಯಂ ವ್ಯಾಪಾರದ ಸರಕಾಗಿತ್ತು. ಹೆಸರು ಸಿಗುವ ಮೊದಲೇ ಬೆಲೆ ಕಟ್ಟಿದ್ದಾಯಿತು!

ಆಳವೆಂದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ. ಮೀನುಗಾರಿಕೆ, ಮಾಲಿನ್ಯ, ಚಂಡಮಾರುತಗಳ ಪೆಟ್ಟು ಅಲ್ಲಿಗೂ ತಲುಪುತ್ತದೆ. 2019ರಲ್ಲಿ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಸಮೂಹದ ಬಳಿ ಮೇಲ್ಪದರದ ಬೆಚ್ಚನೆಯ ನೀರು ಕೆಳಕ್ಕಿಳಿದು, 90 ಮೀಟರ್ ಆಳದ ಹವಳಗಳೂ ಬಿಳಿಚಿದವು. ಆಗ ಮೇಲಿನ ಹವಳಗಳಿಗೆ ಅಂಥ ಹಾನಿ ಆಗಿರಲಿಲ್ಲ. ಮೇಲೆ ನಿಂತು ನೋಡಿದವರಿಗೆ ಕೆಳಗಿನ ಕೇಡು ಕಾಣುತ್ತಲೇ ಇರಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಸಂರಕ್ಷಿತ ಪ್ರದೇಶಗಳನ್ನು ಗುರುತಿಸುವಾಗ ದಂಡೆಯ ತಿಳಿನೀರಿಗೇ ಗೆರೆ ಎಳೆದು ನಿಲ್ಲಿಸದೆ ಆಳದ ದಿಬ್ಬಗಳನ್ನೂ ಒಳಗೊಳ್ಳಬೇಕು. ವಾಯವ್ಯ ಹವಾಯಿ ದ್ವೀಪಗಳ ಸಂರಕ್ಷಿತ ಕಡಲನ್ನು 2016ರಲ್ಲಿ ಬಹುದೂರದವರೆಗೆ ವಿಸ್ತರಿಸಲಾಯಿತು. ಅದೇ ವರ್ಷ ಅಲ್ಲಿನ ಕುರೆ ದ್ವೀಪದ ಬಳಿ ಸುಮಾರು 90 ಮೀಟರ್ ಆಳದಲ್ಲಿ ದೊರೆತ ಹೊಸ ಮೀನಿಗೆ, ಆ ವಿಸ್ತರಣೆಯನ್ನು ಘೋಷಿಸಿದ ಅಧ್ಯಕ್ಷ ಒಬಾಮಾ ಅವರ ಹೆಸರನ್ನಿಡಲಾಯಿತು.

ಕಣಿವೆಯನ್ನು ಕಳೆದುಕೊಂಡು ನೆತ್ತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಕಡಲಿಗೂ ಅದೇ ನ್ಯಾಯ. ಮೇಲಿನ ದಿಬ್ಬವನ್ನು ಮೇಲೆಯೇ ಉಳಿಸಬೇಕು, ಆಳದ್ದನ್ನು ಆಳದಲ್ಲಿಯೇ.