ಆಟಿಸಂ ಇರುವ ಮಕ್ಕಳಿಗೆ ವರ್ತನಾ ಚಿಕಿತ್ಸೆ: ಒಬ್ಬ ತಾಯಿಯ ಅನುಭವ

(ಜಿಲ್ಲಾ ಹಾಲು ಒಕ್ಕೂಟದ ಮಹಿಳಾ ಸದಸ್ಯರ ತರಬೇತಿ ಶಿಬಿರದಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಕಾರ್ಯದರ್ಶಿಯವರು ಮಾಡಿದ ಭಾಷಣ)



ಬೆಳಿಗ್ಗೆಯಿಂದ ಕೆಚ್ಚಲು ಬಾವು, ಖನಿಜ ಮಿಶ್ರಣ, ಮೇವಿನ ಬೆಳೆ ಎಲ್ಲದರ ವಿಚಾರ ಕೇಳಿದ್ದೀರಿ. ನನಗೆ ಕೊಟ್ಟಿರುವ ವಿಷಯ ಬೇರೆ. ಹಿಂದಿನ ಶಿಬಿರದಲ್ಲಿ ಊಟದ ಹೊತ್ತಿಗೆ ಇಬ್ಬರು ತಾಯಂದಿರು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಹುಡುಗನಂಥದ್ದೇ ಒಂದು ಮಗು ನಮ್ಮ ಮನೆಯಲ್ಲೂ ಇದೆ, ನೀವು ಏನು ಮಾಡಿದಿರಿ?" ಎಂದು ಕೇಳಿದರು. ಇದನ್ನು ತಿಳಿದ ವಿಸ್ತರಣಾಧಿಕಾರಿಗಳು ಈ ಸಲ ಎಲ್ಲರೆದುರೇ ಹೇಳಿ ಎಂದರು. ನಾನು ಡಾಕ್ಟರಲ್ಲ. ಪಿ.ಯು.ಸಿ. ಓದಿ, ಎರಡು ಹಸು ಕಟ್ಟಿಕೊಂಡು, ಸಂಘದ ಲೆಕ್ಕ ಬರೆಯುವವಳು. ತಿಳಿದವರಿಂದ ಕಲಿತದ್ದನ್ನೂ ಮನೆಯಲ್ಲಿ ಮಾಡಿ ನೋಡಿದ್ದನ್ನೂ ಹೇಳುತ್ತೇನೆ.

ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ಎರಡೂವರೆ ವರ್ಷದವನಾಗಿದ್ದಾಗ ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಕಿವಿ ಕೇಳಿಸದೇನೋ ಎಂದುಕೊಂಡರೆ, ಹಾಲಿನ ಲಾರಿ ಊರ ಬಾಗಿಲಿಗೆ ಬಂದ ಸದ್ದಿಗೇ ಎದ್ದು ಓಡುತ್ತಿದ್ದ. ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿರಲಿಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಡಬ್ಬಿಯ ಮೇಲೆ ಇಡುತ್ತಿದ್ದ. ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು ಎಂದರು ನಮ್ಮ ಅತ್ತೆ. ನಾಲಿಗೆಗೆ ಬಜೆ ತೇಯ್ದು ಹಚ್ಚಿದೆವು, ಹರಕೆ ಹೊತ್ತೆವು. ಹೀಗೆ ಒಂದು ವರ್ಷ ಕಳೆಯಿತು. ಆ ಒಂದು ವರ್ಷವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇದರ ಹೆಸರು ಆಟಿಸಂ. ಕನ್ನಡದಲ್ಲಿ ಸ್ವಲೀನತೆ ಎಂದು ಬರೆಯುತ್ತಾರೆ. ಸುಮಾರು ನೂರರಿಂದ ನೂರ ಮೂವತ್ತು ಮಕ್ಕಳಲ್ಲಿ ಒಬ್ಬರಿಗೆ ಇರಬಹುದೆಂಬ ಅಂದಾಜಿದೆ. ಹಾಗಾದರೆ ದೊಡ್ಡ ಊರಿನ ಪ್ರತಿ ಶಾಲೆಯಲ್ಲೂ ಒಬ್ಬರೋ ಇಬ್ಬರೋ ಇದ್ದಾರೆ. ಇದು ಹುಟ್ಟಿನಿಂದಲೇ ಮಿದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ತಾಯಿ ಸರಿಯಾಗಿ ಮುದ್ದು ಮಾಡಲಿಲ್ಲ ಎಂದು ಒಂದು ಕಾಲದಲ್ಲಿ ಅಮೆರಿಕದ ದೊಡ್ಡ ದೊಡ್ಡವರೇ ಹೇಳಿದ್ದರಂತೆ, ಅದು ಸುಳ್ಳೆಂದು ತೀರ್ಮಾನವಾಗಿ ದಶಕಗಳೇ ಕಳೆದಿವೆ. ಲಸಿಕೆಯಿಂದ ಬರುತ್ತದೆಂದು 1998ರಲ್ಲಿ ಬಂದ ಒಂದು ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದ್ದರಿಂದ ಚುಚ್ಚುಮದ್ದು ತಪ್ಪಿಸಬೇಡಿ.

ಹಾಲಿನ ಮಾತನ್ನೂ ಹೇಳಿಬಿಡುತ್ತೇನೆ. ಗೋಧಿ ಮತ್ತು ಹಾಲು ನಿಲ್ಲಿಸಿದರೆ ಮಗು ಮಾತಾಡುತ್ತದೆ ಎಂದು ಯಾರೋ ಹೇಳಿದರು. ನನ್ನ ಮಗ ತಿನ್ನುತ್ತಿದ್ದದ್ದೇ ಹಾಲನ್ನ. ಎರಡು ತಿಂಗಳು ನಿಲ್ಲಿಸಿದೆ. ಮಾತು ಬರಲಿಲ್ಲ, ಮೈ ಇಳಿಯಿತು. ಈ ಪಥ್ಯದಿಂದ ಆಟಿಸಂ ಕಡಿಮೆಯಾಗುತ್ತದೆ ಎನ್ನುವುದಕ್ಕೆ ನಂಬಲರ್ಹ ಪುರಾವೆ ಸಿಕ್ಕಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಹಾಲು ಮಾರುವವಳು ಹೀಗೇ ಹೇಳುತ್ತಾಳೆ ಎಂದು ನಗಬೇಡಿ! ಹಾಲು ಒಗ್ಗದ ಮಗು ಇದ್ದರೆ ಅದು ಬೇರೆ ಮಾತು, ಅದನ್ನು ಡಾಕ್ಟರು ಪರೀಕ್ಷೆ ಮಾಡಿ ಹೇಳಬೇಕು.

ಈಗ ಚಿಕಿತ್ಸೆಯ ವಿಚಾರ. ಮೊದಲು ನಾವು ಒಂದು ಹಸು ಮಾರಿ ಪಟ್ಟಣದ ಒಂದು ಖಾಸಗಿ ಕೇಂದ್ರಕ್ಕೆ ಹೋದೆವು. ಮುಕ್ಕಾಲು ಗಂಟೆ ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಿದ್ದರು. ನಾನು ಹೊರಗೆ ಬೆಂಚಿನ ಮೇಲೆ. ಒಳಗೆ ಏನು ಕಲಿಸಿದಿರಿ ಎಂದು ಕೇಳಿದರೆ, ನಿಮಗೆ ಅರ್ಥವಾಗುವುದಿಲ್ಲ ಎಂಬ ಉತ್ತರ. ಮೂರು ತಿಂಗಳಿಗೆ ಹಸುವಿನ ದುಡ್ಡು ಮುಗಿಯಿತು. ಆಮೇಲೆ ಒಂದು ಸರ್ಕಾರಿ ಆಸ್ಪತ್ರೆಗೆ ಹೋದಾಗ ಅಲ್ಲಿದ್ದ ಮೇಡಂ ಮೊದಲ ದಿನವೇ ನನ್ನನ್ನು ಮಗುವಿನ ಎದುರು ಚಾಪೆಯ ಮೇಲೆ ಕೂರಿಸಿದರು. "ನಾನು ತಿಂಗಳಿಗೆ ಒಂದು ಸಲ ನೋಡುತ್ತೇನೆ, ನೀವು ದಿನವೆಲ್ಲಾ ನೋಡುತ್ತೀರಿ. ಕಲಿಯಬೇಕಾದವರು ನೀವು" ಎಂದರು.

ವರ್ತನಾ ಚಿಕಿತ್ಸೆ ಎಂದರೆ ಏನೆಂದು ಅವರು ನನಗೆ ವಿವರಿಸಿದ್ದು ಹೀಗೆ. ಮಗು ಏನು ಮಾಡಿದರೂ ಅದಕ್ಕೆ ಮೊದಲು ಏನೋ ಒಂದು ನಡೆದಿರುತ್ತದೆ, ಮಾಡಿದ ಮೇಲೆ ಅದಕ್ಕೆ ಏನೋ ಒಂದು ಸಿಕ್ಕಿರುತ್ತದೆ. ಆ ಎರಡನ್ನೂ ಗಮನಿಸಿದರೆ ನಡತೆಯ ಕಾರಣ ತಿಳಿಯುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಹಸು ಒದ್ದರೆ ನಾವು ಏನು ಮಾಡುತ್ತೇವೆ? ತಿಳಿದವಳು ಬಡಿಗೆ ಹಿಡಿಯುವುದಿಲ್ಲ. ಮೊಲೆ ಬಿರಿದಿದೆಯೇ, ನೊಣ ಕಚ್ಚುತ್ತಿದೆಯೇ, ಕರೆಯುವವರ ಉಗುರು ತಾಗುತ್ತಿದೆಯೇ ಎಂದು ನೋಡುತ್ತಾಳೆ. ಮಗುವನ್ನು ದನಕ್ಕೆ ಹೋಲಿಸುತ್ತಿದ್ದೇನೆಂದು ತಿಳಿಯಬೇಡಿ. ಬಾಯಿ ಬಾರದ ಜೀವಕ್ಕೆ ಕೊಡುವಷ್ಟು ತಾಳ್ಮೆಯನ್ನು ನನ್ನ ಸ್ವಂತ ಮಗುವಿಗೆ ನಾನು ಕೊಟ್ಟಿರಲಿಲ್ಲ ಎಂದು ಹೇಳುತ್ತಿದ್ದೇನೆ. ಒಂದು ಸಂಜೆ ಡೇರಿಯ ಮುಂದೆ ಎಲ್ಲರೂ ನೋಡುತ್ತಿರುವಾಗ ಅವನನ್ನು ಹೊಡೆದೆ. ಅವನು ಯಾಕೆ ಹೊಡೆದಳೆಂದು ತಿಳಿಯದೆ ನನ್ನ ಮುಖವನ್ನೇ ನೋಡಿದ. ಅದಕ್ಕೆ ಮುಂಚೆ ಅವನು ಮುಖ ನೋಡಿದ್ದೇ ಅಪರೂಪ.

ಮೇಡಂ ಹೇಳಿದಂತೆ ಹಳೆಯ ಲೆಕ್ಕದ ಪುಸ್ತಕದಲ್ಲಿ ಮೂರು ಕಲಂ ಗೀಟು ಹಾಕಿದೆ. ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು. ಹತ್ತು ದಿನ ಬರೆದೆ. ಫ್ಯಾಟ್ ಬರೆಯುವ ಕೈಗೆ ಇದೇನೂ ಕಷ್ಟವಲ್ಲ. ಓದಿ ನೋಡಿದರೆ ವಿಷಯ ಕಣ್ಣಿಗೆ ಕಟ್ಟಿದಂತಿತ್ತು. ದಿನಾ ಸಂಜೆ ಸಾಲಿನಲ್ಲಿ ನಿಂತಾಗ ಅಂಗಡಿ ಕಾಣುತ್ತದೆ, ಅವನು ನೆಲಕ್ಕೆ ಬಿದ್ದು ಕಿರುಚುತ್ತಾನೆ, ಮರ್ಯಾದೆಗೆ ಅಂಜಿ ನಾನು ಬಿಸ್ಕತ್ತು ಕೊಡಿಸುತ್ತೇನೆ. ಬಿಸ್ಕತ್ತು ಬೇಕಾದರೆ ನೆಲಕ್ಕೆ ಬೀಳಬೇಕು ಎಂದು ಅವನಿಗೆ ಕಲಿಸಿದವಳು ನಾನೇ!

ಹಾಗೆಂದು ಬಿಸ್ಕತ್ತು ನಿಲ್ಲಿಸಿದರೆ ಸಾಲದು. ಕೇಳುವುದಕ್ಕೆ ಬೇರೆ ದಾರಿ ತೋರಿಸಬೇಕು. ಬಿಸ್ಕತ್ತಿನ ಪೊಟ್ಟಣದ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸಿದೆ. ಮನೆಯಲ್ಲಿ, ಅವನು ಸಮಾಧಾನವಾಗಿರುವಾಗ, ಅವನ ಕೈ ಹಿಡಿದು ಆ ರಟ್ಟನ್ನು ನನ್ನ ಕೈಗೆ ಕೊಡಿಸುವುದು, ಕೊಟ್ಟ ಕೂಡಲೇ ಒಂದು ತುಂಡು ಬಿಸ್ಕತ್ತು, "ಕೊಡು" ಎಂದು ನಾನು ಹೇಳುವುದು. ಕೂಡಲೇ ಎನ್ನುವುದು ಮುಖ್ಯ. ಒಲೆ ಇಳಿಸಿ ಬಂದು ಕೊಡುತ್ತೇನೆಂದರೆ ಆಗುವುದಿಲ್ಲ. ಮೊದಲು ಮೊಣಕೈ ಹಿಡಿದೆ, ಆಮೇಲೆ ಬರೀ ಮುಟ್ಟಿದೆ, ಆಮೇಲೆ ಕೈ ಚಾಚಿ ಕುಳಿತೆ. ಕಲಿತ ಮೇಲೆ ಡೇರಿಗೆ ಕರೆದುಕೊಂಡು ಹೋದೆ. ರಟ್ಟು ಕೊಟ್ಟರೆ ಬಿಸ್ಕತ್ತು, ಕಿರುಚಿದರೆ ಇಲ್ಲ. ಮೊದಲ ಮೂರು ದಿನ ಕಿರುಚಾಟ ಹಿಂದಿಗಿಂತ ಜಾಸ್ತಿಯಾಯಿತು. ಹಾಗಾಗುತ್ತದೆ ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ನಾಲ್ಕನೇ ದಿನ ಅತ್ತೆ ತಡೆಯಲಾರದೆ ಅಂಗಡಿಗೆ ಹೋಗಿ ಪೊಟ್ಟಣವನ್ನೇ ತಂದುಕೊಟ್ಟರು. ಮತ್ತೆ ಮೊದಲಿನಿಂದ. ಆ ರಾತ್ರಿ ಅತ್ತೆಗೆ ಪುಸ್ತಕ ಓದಿ ಹೇಳಿದೆ. ಅವರು ಅರ್ಥ ಮಾಡಿಕೊಂಡರು. ಈಗ ನನಗಿಂತ ಅವರೇ ಕಟ್ಟುನಿಟ್ಟು. ಮನೆಯವರೆಲ್ಲ ಒಂದೇ ರೀತಿ ನಡೆಯದಿದ್ದರೆ ಈ ಕೆಲಸ ಆಗುವುದಿಲ್ಲ. ಐದು ವಾರಕ್ಕೆ ಕಿರುಚುವುದು ನಿಂತಿತು. ಐದು ತಿಂಗಳ ಮೇಲೆ ಒಂದು ದಿನ ರಟ್ಟು ಕೊಡುತ್ತಾ ತಾನೇ "ಕೊಡು" ಎಂದ.

ಚಡ್ಡಿ ಹಾಕಿಕೊಳ್ಳುವುದನ್ನು ಕೊನೆಯಿಂದ ಕಲಿಸಿದೆ. ಮೊಣಕಾಲಿನವರೆಗೆ, ತೊಡೆಯವರೆಗೆ ನಾನೇ ಏರಿಸಿ, ಸೊಂಟಕ್ಕೆ ಎಳೆದುಕೊಳ್ಳುವುದನ್ನು ಮಾತ್ರ ಅವನಿಗೆ ಬಿಟ್ಟೆ. ಎಳೆದುಕೊಂಡರೆ ಕೆಲಸ ಮುಗಿಯಿತು, ಚಪ್ಪಾಳೆ ಸಿಕ್ಕಿತು. ಅದು ಬಂದ ಮೇಲೆ ಒಂದು ಮೆಟ್ಟಿಲು ಹಿಂದಕ್ಕೆ. ಸ್ನಾನ, ಊಟ, ಶೌಚ ಎಲ್ಲವನ್ನೂ ಹೀಗೆ ತುಂಡು ತುಂಡಾಗಿ ಕಲಿಸಬಹುದು.

ಇಂಥ ಚಿಕಿತ್ಸೆಗೆ ಹೆಸರು ತಂದುಕೊಟ್ಟದ್ದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಐವಾರ್ ಲೊವಾಸ್ ಎಂಬವರು 1987ರಲ್ಲಿ ಪ್ರಕಟಿಸಿದ ಅಧ್ಯಯನ. 19 ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆ ಕಲಿಸಿದ ಮೇಲೆ 9 ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿದರೆಂದು ಅವರು ಬರೆದರು. ಆದರೆ ಆ ಕ್ರಮದಲ್ಲಿ ಗದರುವುದು, ತೊಡೆಗೆ ಹೊಡೆಯುವುದೂ ಸೇರಿತ್ತು. ಮಕ್ಕಳನ್ನು ಗುಂಪಾಗಿ ವಿಂಗಡಿಸಿದ ರೀತಿಯ ಬಗ್ಗೆಯೂ ಆಕ್ಷೇಪಗಳು ಬಂದವು. ಇಂದಿನ ಒಳ್ಳೆಯ ಚಿಕಿತ್ಸಕರು ಹೊಡೆತ ಬಿಟ್ಟಿದ್ದಾರೆ, ಆಟದ ನಡುವೆ, ಮಗುವಿನ ಇಷ್ಟವನ್ನು ಹಿಡಿದು ಕಲಿಸುತ್ತಾರೆ. ಆಟಿಸಂ ಇರುವವರೇ ದೊಡ್ಡವರಾಗಿ, ಬಲವಂತವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಸುವುದು, ಕೈ ಆಡಿಸುವುದನ್ನು ತಡೆಯುವುದು ತಮಗೆ ಎಷ್ಟು ಹಿಂಸೆಯಾಗಿತ್ತೆಂದು ಹೇಳಿದ್ದಾರೆ. ನನ್ನ ಮಗ ಖುಷಿಯಾದಾಗ ಕೈ ಬಡಿದು ಕುಣಿಯುತ್ತಾನೆ. ಯಾರಿಗೂ ನೋವಿಲ್ಲ, ಕುಣಿಯಲಿ. ತಲೆ ಗೋಡೆಗೆ ಚಚ್ಚಿಕೊಂಡರೆ ಮಾತ್ರ ತಡ ಮಾಡದೆ ಡಾಕ್ಟರಲ್ಲಿಗೆ ಹೋಗಬೇಕು. ಹಲ್ಲುನೋವು, ಕಿವಿನೋವೂ ಕಾರಣವಿರಬಹುದು.

ವಾರಕ್ಕೆ 40 ಗಂಟೆ ನಮ್ಮಿಂದ ಆಗದು ಎಂದು ಹೆದರಬೇಡಿ. ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದು ತಂದೆತಾಯಿಯ ಮೂಲಕ ಸಂವಹನ ಕಲಿಸುವ ಕ್ರಮ, ಇದಕ್ಕೆ ಹತ್ತಿರದ್ದು. ಕಲಿಸಿಕೊಟ್ಟವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಆದರೂ ಮಕ್ಕಳು ತಾವಾಗಿ ತಂದೆತಾಯಿಯ ಕಡೆ ತಿರುಗಿ ತಿಳಿಸಲು ಯತ್ನಿಸುವುದು ಹೆಚ್ಚಿತು.

ಎಲ್ಲಿಗೆ ಹೋಗಬೇಕು ಎನ್ನುವುದನ್ನು ಬರೆದುಕೊಳ್ಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ಪರೀಕ್ಷಿಸಲು ತಂಡ ಬರಬೇಕು. ಆ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ಅವರು ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತಾರೆ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್ ಇವೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ಹಾಕಿಸಲು ಅವರನ್ನೇ ಹಿಡಿಯಿರಿ.

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸೇರಿದೆ. 40 ಪ್ರಶ್ನೆಗಳ ಒಂದು ಭಾರತೀಯ ಮಾಪನದಿಂದ ನೋಡಿ ಪ್ರಮಾಣಪತ್ರ, ಯು.ಡಿ.ಐ.ಡಿ. ಕಾರ್ಡು ಕೊಡುತ್ತಾರೆ. ಶೇಕಡಾ 40 ಅಥವಾ ಹೆಚ್ಚು ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಮುಖ್ಯೋಪಾಧ್ಯಾಯರು ಆಗುವುದಿಲ್ಲವೆಂದರೆ ಬಿ.ಇ.ಓ. ಕಚೇರಿಯಲ್ಲಿ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ರಕ್ಷಣೆ ಇದೆ, ಅದರಲ್ಲಿ ಥೆರಪಿ ಖರ್ಚಿಗೂ ಒಂದು ಮಿತಿಯವರೆಗೆ ಹಣ ಸಿಗುತ್ತದೆ. ರಸೀದಿಗಳನ್ನು ಬಟವಾಡೆ ಚೀಟಿಯ ಹಾಗೆ ಜೋಪಾನ ಮಾಡಿ.

ದುಡ್ಡು ಕೊಟ್ಟು ಚಿಕಿತ್ಸೆಗೆ ಸೇರಿಸುವುದಾದರೆ ನಾಲ್ಕು ಮಾತು ಕೇಳಿ. ನಾನು ಒಳಗೆ ಕೂರಬಹುದೇ? ಈ ತಿಂಗಳು ಏನು ಕಲಿಸುತ್ತೀರಿ, ಬರೆದುಕೊಡುತ್ತೀರಾ? ಮಗು ಮಾಡದಿದ್ದರೆ ಏನು ಮಾಡುತ್ತೀರಿ? ಯಾವಾಗ ಪರಿಶೀಲಿಸುತ್ತೀರಿ? ಪೂರ್ತಿ ಗುಣ ಮಾಡುತ್ತೇವೆ ಎಂದವರಿದ್ದರೆ ಎದ್ದು ಬನ್ನಿ. ಆಕರಕೋಶ ಚಿಕಿತ್ಸೆ, ಅಂದರೆ ಸ್ಟೆಮ್ ಸೆಲ್ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲವೆಂದು 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ತಿಳಿಸಿದೆ. ಹೊಲ, ಹಸು ಮಾರುವ ಮುನ್ನ ಇದು ನೆನಪಿರಲಿ.

ನನ್ನ ಮಗನಿಗೆ ಆಟಿಸಂ ಹೋಗಿಲ್ಲ. ಮಾತು ಮೂವತ್ತು ನಲವತ್ತು ಪದ. ಜನ ಸೇರಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಶಾಲೆಗೆ ಅರ್ಧ ದಿನ ಹೋಗುತ್ತಾನೆ. ಸಂಜೆ ಕ್ಯಾನುಗಳನ್ನು ಸಾಲಾಗಿ ಇಡುವ ಕೆಲಸ ಅವನದು, ಒಂದು ಆಚೀಚೆ ಇದ್ದರೂ ಬಿಡುವುದಿಲ್ಲ.

ಆ ಮೂರು ಕಲಮಿನ ಪುಸ್ತಕ ತಂದಿದ್ದೇನೆ, ರಟ್ಟಿನ ಚಿತ್ರಗಳೂ ಇವೆ. ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಕೂತಿರುತ್ತೇನೆ. ಎಲ್ಲರೆದುರು ಕೇಳಲು ಸಂಕೋಚವಿರುವವರು ಅಲ್ಲಿ ಬನ್ನಿ. ನಾಲ್ಕು ಗಂಟೆಯ ಬಸ್ಸಿಗೆ ನಾನು ಹೊರಡಬೇಕು, ಸಂಜೆ ಹಾಲಿನ ಹೊತ್ತಿಗೆ ಅವನು ಕಾಯುತ್ತಿರುತ್ತಾನೆ.