ಬೆಳೆಯುವ ಮಗಳೊಡನೆ ಮನೆಯವರ ಮಾತು



ನಮ್ಮ ಅನೇಕ ಮನೆಗಳಲ್ಲಿ ಮಗಳು ಋತುಮತಿಯಾದಾಗ ಆರತಿ ಮಾಡುತ್ತಾರೆ. ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ. ನೆಂಟರಿಷ್ಟರಿಗೆ ಹೇಳಿಕಳುಹಿಸುತ್ತಾರೆ. ಆದರೆ ತನ್ನ ದೇಹದಲ್ಲಿ ಆದದ್ದೇನು, ಏಕೆ ಆಯಿತು ಎಂಬುದನ್ನು ಆ ಹುಡುಗಿಗೆ ಬಿಡಿಸಿ ಹೇಳುವವರು ಕಡಿಮೆ. ಊರಿಗೆಲ್ಲ ತಿಳಿದ ಸಂಗತಿ ಮಗಳಿಗೇ ತಿಳಿಯದೆ ಉಳಿಯುತ್ತದೆ. ಈ ಮೌನದಿಂದಾಗುವ ಹಾನಿಯ ಬಗ್ಗೆ ಇಂದು ಯೋಚಿಸೋಣ.

ಮಿದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಅದು ರಕ್ತದ ಮೂಲಕ ಅಂಡಾಶಯಗಳಿಗೆ ಸೂಚನೆ ಕಳುಹಿಸುತ್ತದೆ. ಅಂಡಾಶಯಗಳು ಈಸ್ಟ್ರೋಜನ್, ಪ್ರೊಜೆಸ್ಟಿರಾನ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತವೆ. ಇವುಗಳಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಹಾರ್ಮೋನುಗಳ ಪ್ರಮಾಣ ಇಳಿದಾಗ ಆ ಪದರ ಕಳಚಿ ಹೊರಬರುತ್ತದೆ. ಇದೇ ಮುಟ್ಟು. ಇದರಲ್ಲಿ ಮೈಲಿಗೆಯೂ ಇಲ್ಲ, ರೋಗವೂ ಇಲ್ಲ.

ಈ ವ್ಯವಸ್ಥೆ ಹದಕ್ಕೆ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ. ಆದ್ದರಿಂದ ಆರಂಭದಲ್ಲಿ 21ರಿಂದ 45 ದಿನಗಳಿಗೊಮ್ಮೆ ಮುಟ್ಟಾಗುವುದು ಸಹಜ. ಆದರೆ 15 ವರ್ಷ ತುಂಬಿದರೂ ಋತುಮತಿಯಾಗದಿದ್ದರೆ, ಆರಂಭವಾದ ಮೇಲೆ 3 ತಿಂಗಳು ನಿಂತುಹೋದರೆ, 7 ದಿನಕ್ಕೂ ಹೆಚ್ಚು ಸ್ರಾವವಾದರೆ, ನೋವಿನಿಂದ ತರಗತಿ ತಪ್ಪುತ್ತಿದ್ದರೆ ವೈದ್ಯರನ್ನು ಕಾಣಬೇಕು. ಥೈರಾಯಿಡ್ ಕೊರತೆಯೋ ಪಿಸಿಓಎಸ್ ತೊಂದರೆಯೋ ಕಾರಣವಿರಬಹುದು. ಮುಖದಲ್ಲಿ ಒರಟು ಕೂದಲು, ಅತಿಯಾದ ಮೊಡವೆ ಕಂಡಾಗ ಹುಡುಗಿಯನ್ನು ಹಾಸ್ಯ ಮಾಡುವ ಬದಲು ಪರೀಕ್ಷೆ ಮಾಡಿಸುವುದು ಮೇಲು. ಕತ್ತಿನ ಹಿಂದಿನ ಕಪ್ಪು ಎಲ್ಲ ಸಲವೂ ಕೊಳೆಯಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತೂ ಆಗಿರಬಹುದು. "ಮದುವೆಯಾದರೆ ಸರಿಹೋಗುತ್ತದೆ" ಎಂಬ ಮಾತು ಚಿಕಿತ್ಸೆಯಲ್ಲ.

ಇನ್ನೊಂದು ವಿಷಯ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ಈ ತೊಂದರೆಯಿತ್ತು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಚೀಲದಲ್ಲಿ ಬಚ್ಚಿಡಬೇಡಿ. ಊಟವಾದ ಮೇಲೆ ನುಂಗಿ. ಸೊಪ್ಪು, ಮೊಳಕೆ ಕಾಳಿನ ಜೊತೆ ನಿಂಬೆರಸ ಸೇರಿದರೆ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ.

ಹಬ್ಬಕ್ಕೋ ಮದುವೆಗೋ ಮುಟ್ಟನ್ನು ಮುಂದೂಡಲು ಅಂಗಡಿಯಿಂದ ಮಾತ್ರೆ ತಂದು ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಅದೂ ಒಂದು ಹಾರ್ಮೋನೇ. ಎಲ್ಲರ ದೇಹಕ್ಕೂ ಅದು ಒಗ್ಗುವುದಿಲ್ಲ. ವೈದ್ಯರನ್ನು ಕೇಳದೆ ನುಂಗಬಾರದು. ಇದನ್ನು ಮಗಳು ಧೈರ್ಯವಾಗಿ ಹೇಳಬೇಕಾದರೆ ಮನೆಯಲ್ಲಿ ಮೊದಲೇ ಮಾತು ಬಳಕೆಯಲ್ಲಿರಬೇಕು.

ಆ ಮಾತನ್ನು ಯಾವಾಗ ಆರಂಭಿಸಬೇಕು? ಒಂಬತ್ತು ಹತ್ತು ವರ್ಷಕ್ಕೇ, ಮುಟ್ಟು ಬರುವ ಮೊದಲೇ. ಹಾಗಿದ್ದರೆ ಮೊದಲ ಸಲ ರಕ್ತ ಕಂಡ ಹುಡುಗಿ ಹೆದರುವುದಿಲ್ಲ. ಇದು ತಾಯಿಯ ಕೆಲಸ ಮಾತ್ರವಲ್ಲ. ತಂದೆ ಅಂಗಡಿಯಿಂದ ಪ್ಯಾಡ್ ತಂದುಕೊಟ್ಟರೆ, ಆಸ್ಪತ್ರೆಗೆ ಜೊತೆಯಲ್ಲಿ ಬಂದರೆ, ಮಗಳ ಅರ್ಧ ಸಂಕೋಚ ಕಳೆಯುತ್ತದೆ. ಅಣ್ಣ ತಮ್ಮಂದಿರೂ ಇದನ್ನು ತಿಳಿದಿರಲಿ.

ನಿಮ್ಮ ತಾಯಿ ಏನೂ ಹೇಳದಿದ್ದರೆ ಅದು ಪ್ರೀತಿಯ ಕೊರತೆಯಲ್ಲ. ಅವರಿಗೂ ಯಾರೂ ಹೇಳಿರಲಾರರು. ನೀವೇ ಮೊದಲು ಮಾಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮುಟ್ಟಿನ ದಿನವನ್ನೂ ಗುರುತಿಸಿ. "ಅಮ್ಮಾ, ಈ ಸಲ ಎರಡು ತಿಂಗಳಾಯಿತು ನೋಡು" ಎನ್ನಿ. ಅಷ್ಟು ಮಾತು ಸಾಕು, ಮುಂದಿನದು ತಾನಾಗಿ ಬರುತ್ತದೆ. ಮನೆಯಲ್ಲಿ ಸಾಧ್ಯವಾಗದಿದ್ದರೆ ನಂಬಿಕೆಯ ಶಿಕ್ಷಕಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್‌ಗಳಿಗೂ ಹೋಗಬಹುದು.

ಮುಂದೆ ನೀವೂ ತಾಯಿ ತಂದೆಯರಾಗುವಿರಿ. ಆಗ ನಿಮ್ಮ ಮನೆಯ ಆರತಿಯ ಜೊತೆಗೆ ಅರಿವೂ ಇರಲಿ.