ಕೂಲಿಯವರ ಸಂಜೆಯ ಓಟ



ನಾಯಿ ಓಟವೆಂದರೆ ನಮಗೆ ನಗು ಬರುತ್ತದೆ. ಇಂಗ್ಲೆಂಡಿನ ಕೂಲಿಯವರಿಗೆ ಒಂದು ಕಾಲದಲ್ಲಿ ಅದೇ ಸಂಜೆಯ ಜಾತ್ರೆ. 1958ರಲ್ಲಿ ಲಂಡನ್ನಿನ ವೈಟ್ ಸಿಟಿ ಮೈದಾನದಲ್ಲಿ ನಡೆದ ಗ್ರೇಹೌಂಡ್ ಡರ್ಬಿಯ ಅಂತಿಮ ಓಟವನ್ನೇ ನೋಡೋಣ. ನಾಯಿಗಳ ಬೆನ್ನ ಮೇಲೆ ಬಣ್ಣದ ಬಟ್ಟೆ. ಮುಂದೆ ವಿದ್ಯುತ್ತಿನಿಂದ ಓಡುವ ಬೊಂಬೆ ಮೊಲ. 525 ಗಜದ ದಾರಿಯನ್ನು ಪಿಗಾಲ್ ವಂಡರ್ ಎಂಬ ನಾಯಿ 28.65 ಸೆಕೆಂಡಿನಲ್ಲಿ ಓಡಿ ಗೆದ್ದಿತು. ಬೀಡಿ ಹಚ್ಚುವಷ್ಟರಲ್ಲಿ ಎಲ್ಲಾ ಮುಗಿಯಿತು! ಮೊಲ ಮಾತ್ರ ಯಾವ ನಾಯಿಗೂ ಸಿಗಲಿಲ್ಲ.

ಕೂಲಿಯವರು ಅಲ್ಲಿಗೇ ಏಕೆ ಹೋಗುತ್ತಿದ್ದರು? ಕುದುರೆ ಓಟ ಹಗಲಿನಲ್ಲಿ, ಕೆಲಸದ ಹೊತ್ತಿನಲ್ಲಿ. ನಾಯಿ ಓಟವಾದರೋ ಪಟ್ಟಣದೊಳಗೆ, ಕೆಲಸ ಬಿಟ್ಟ ಮೇಲೆ, ದೀಪದ ಬೆಳಕಿನಲ್ಲಿ; ಬಟವಾಡೆಯ ಹಣವೂ ಜೇಬಿನಲ್ಲೇ. ಕಾನೂನೂ ಹಾಗೇ ಇತ್ತು. ಹಣವಂತನು ಮನೆಯಲ್ಲಿ ಕೂತು ಟೆಲಿಫೋನಿನಲ್ಲಿ ಸಾಲದ ಲೆಕ್ಕಕ್ಕೆ ಬಾಜಿ ಕಟ್ಟಬಹುದು. ಬಡವನು ಬೀದಿಯಲ್ಲಿ ನಗದು ಕೊಟ್ಟು ಕಟ್ಟಿದರೆ ಅಪರಾಧ! ಮೈದಾನದಲ್ಲಾದರೂ ಏನು? ಯಂತ್ರಕ್ಕೆ ಕಟ್ಟಿದ ಹಣದಲ್ಲಿ ಮೊದಲು ಮೈದಾನದವರ ಪಾಲು. 1948ರಿಂದ ಸರಕಾರಕ್ಕೂ ನೂರಕ್ಕೆ ಹತ್ತು. ಕುದುರೆ ಓಟದ ಯಂತ್ರಕ್ಕೆ ಆಗ ಆ ತೆರಿಗೆ ಇರಲಿಲ್ಲ ಎಂಬುದನ್ನು ಗಮನಿಸಿರಿ.

1961ರಲ್ಲಿ ಬಾಜಿಯ ಅಂಗಡಿಗಳು ತೆರೆದವು. ನಗದು ಕಟ್ಟಲು ಮೈದಾನಕ್ಕೇ ಹೋಗಬೇಕಾಗಿರಲಿಲ್ಲ. ವೈಟ್ ಸಿಟಿ 1984ರಲ್ಲಿ ಮುಚ್ಚಿತು.